ಸವತಿ ಟಾಕಿನ ಮೂಲೆ

ಸುಭದ್ರಾಬಾಯಿಯ ಮನೆಯಲ್ಲಿ ಮೊದಲ ತುತ್ತು ಸತ್ತವಳಿಗೆ. ಬದುಕಿದವರು ಆಮೇಲೆ ಉಣ್ಣಬೇಕು. ಹೆಂಚಿನಿಂದ ರೊಟ್ಟಿ ಇಳಿದ ಕೂಡಲೇ ಗುರಮ್ಮ ಅದರದೊಂದು ಚೂರು ಮುರಿದು, ಪುಂಡಿಪಲ್ಯ ಹಚ್ಚಿ, ತನ್ನ ಕೊರಳಲ್ಲಿ ತೂಗುವ ಬೆಳ್ಳಿ ತಗಡಿಗೆ ಮುಟ್ಟಿಸಿ ಬದಿಗಿಡುತ್ತಿದ್ದಳು. ಹೊಸ ಸೀರೆ ಉಡುವ ದಿನ ಸೆರಗನ್ನು ಮೊದಲು ಅದಕ್ಕೆ ಹೊದಿಸಬೇಕು. ಅರಿಸಿನ, ಕುಂಕುಮ, ಹೂವು ಎಲ್ಲ ಮೊದಲು ಅದಕ್ಕೆ. ಎರಡು ಬೆರಳಗಲದ ಆ ತಗಡಿನ ಮೇಲೆ ಒಬ್ಬ ಹೆಣ್ಣುಮಗಳು ಮೂಡಿದ್ದಳು. ದುಂಡು ಮುಖ, ದೊಡ್ಡ ಕಣ್ಣು, ಮೂಗಿನಲ್ಲಿ ನತ್ತು. ಅದಕ್ಕೆ ಸವತಿ ಟಾಕು ಎನ್ನುತ್ತಾರೆ. ಬಸವಂತರಾಯನ ಮೊದಲ ಹೆಂಡತಿ ಹೀರಾಬಾಯಿ ತೀರಿಕೊಂಡಿದ್ದಳು. ಎರಡನೆಯವಳಾಗಿ ಬಂದ ಗುರಮ್ಮನ ಕೊರಳಿಗೆ ಮದುವೆಯ ದಿನವೇ ಅವಳ ಟಾಕು ಕಟ್ಟಿದರು. ಸತ್ತವಳು ಮುನಿಯಬಾರದು ಎಂದು ಈ ಏರ್ಪಾಡು. ಬದುಕಿದವಳು ಮುನಿದರೆ ಏನು ಮಾಡಬೇಕೆಂದು ಯಾರೂ ಯೋಚಿಸಿರಲಿಲ್ಲ.

ಸರಸಂಬಾದಲ್ಲಿ ಅವರದು ಬಸವಣ್ಣನ ವಚನ ಬಾಯಿಪಾಠ ಇದ್ದ ಮನೆ. ದೆವ್ವ ಭೂತ ಎಲ್ಲ ಸುಳ್ಳು ಎಂದು ಬಸವಂತರಾಯ ಕಟ್ಟೆಯ ಮೇಲೆ ಕೂತು ನಾಲ್ಕು ಮಂದಿಗೆ ಹೇಳಬಲ್ಲವನು. ಹೊಸ್ತಿಲು ದಾಟಿ ಒಳಗೆ ಬಂದರೆ ತಾಯಿ ಸುಭದ್ರಾಬಾಯಿ ಹೇಳಿದ್ದೇ ವಚನ.

ಜಗದೇವಿ ಹೀರಾಬಾಯಿಯ ಮಗಳು, ಹನ್ನೆರಡರ ಹುಡುಗಿ. ತಾಯಿ ಹೋದಾಗ ಅವಳಿನ್ನೂ ಕೂಸು; ಸಾಕಿದ್ದು ಅಜ್ಜಿ, ಅವಳ ಬಾಯಲ್ಲಿ ‘ಆಯಿ’. ತಾಯಿಯ ಮುಖ ಅವಳು ಕಂಡದ್ದು ಈ ಟಾಕಿನಲ್ಲೇ. ಹಾಗಾಗಿ ದಿನಾ ಬೆಳಿಗ್ಗೆ ಜಳಕ ಮಾಡಿ ಅಡಿಗೆಮನೆಗೆ ಬಂದು, ಗುರಮ್ಮನ ಎದುರು ಕುಕ್ಕರಗಾಲಲ್ಲಿ ಕೂತು, ಅವಳ ಕೊರಳನ್ನೇ ನೋಡುತ್ತ ಹೇಳುತ್ತಿದ್ದಳು:

“ಅವ್ವಾ, ಜಳಕ ಮಾಡಿ ಬಂದೇನಿ. ಇವತ್ತ ಆಯಿ ಸಂಗಟ ಹೊಲಕ್ಕ ಹೋಗ್ತೇನಿ.”

“ತಲಿ ಒರಸ್ಕೋಬೇ, ನೆಗಡಿ ಆಗ್ತದ,” ಎಂದಳು ಗುರಮ್ಮ.

ಹುಡುಗಿ ಕಣ್ಣು ಮೇಲೆತ್ತಲಿಲ್ಲ. “ಅವ್ವಾ, ಇಕಿಗೆ ಹೇಳು, ನಾ ಒರಸ್ಕೊಂಡೇನಿ.”

‘ಚಿಗವ್ವ’ ಅನ್ನು, ಚಿಕ್ಕತಾಯಿ ಅವಳು ಎಂದು ಅಪ್ಪ ಎಷ್ಟೋ ಸಲ ಹೇಳಿದ್ದ. ಆ ಮಾತು ಹುಡುಗಿಯ ಬಾಯಿಂದ ಬರಲೇ ಇಲ್ಲ. ಗುರಮ್ಮ ಅವಳಿಗೆ ‘ಇಕಿ’, ಅಷ್ಟೇ.

“ಹುಡುಗಿ ನನ್ನ ಕೊರಳ ಸಂಗಟ ಮಾತಾಡ್ತಾಳ್ರಿ, ನನ್ನ ಸಂಗಟ ಅಲ್ಲ,” ಎಂದು ಗುರಮ್ಮ ಗಂಡನಿಗೆ ರೊಟ್ಟಿ ಬಡಿಸುತ್ತ ಹೇಳಿದಳು.

“ಸಣ್ಣಾಕಿ ಅದಾಳ. ತಿಳೀತದ ಬಿಡು.”

“ನಾ ಏನ್ ಮುದುಕಿ ಏನ್ರಿ? ಹತ್ತೊಂಬತ್ತು ನನಗ.”

ಬಸವಂತರಾಯ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿಯ ಡಬ್ಬಿ ಕೇಳಿದ. ಮಾತು ಬೇಡವಾದಾಗ ಅವನಿಗೆ ಯಾವಾಗಲೂ ಹಿಂಡಿ ಬೇಕಾಗುತ್ತಿತ್ತು.

ಮಾತಿನ ನೋವು ಒಂದು ಕಡೆ, ಮೈಯ ನೋವು ಇನ್ನೊಂದು ಕಡೆ. ಟಾಕಿನ ಕೆಳಗಿನ ಒಂದು ಮೂಲೆ, ಅಕ್ಕಸಾಲಿ ಪತ್ತಾರ ತಗಡು ಕತ್ತರಿಸುವಾಗಲೇ, ಮುರುಟಿ ಮುಳ್ಳಿನ ಹಾಗೆ ನಿಂತಿತ್ತು. ರೊಟ್ಟಿ ಬಡಿಯಲು ಬಗ್ಗಿದರೆ, ಬೀಸಲು ಕೂತರೆ, ಕೊಡ ಎತ್ತಿದರೆ, ಕೊರಳ ಕುಳಿಯ ಕೆಳಗೆ ಅದೇ ಜಾಗಕ್ಕೆ ಚುಚ್ಚುತ್ತಿತ್ತು. ಗಾಯ ಮಾಯುತ್ತಿತ್ತು, ಮತ್ತೆ ಆಗುತ್ತಿತ್ತು. ಒಮ್ಮೆ ಅವಳು ಟಾಕಿನ ಹಿಂದೆ ಅರಿವೆಯ ಚೂರು ಇಟ್ಟುಕೊಂಡಳು. ಸುಭದ್ರಾಬಾಯಿ ಅದನ್ನು ಎಳೆದು ಒಲೆಗೆ ಹಾಕಿದಳು.

“ಮೈಗೆ ಮುಟ್ಟಬೇಕು ಅದು. ನಡುವ ಅರಿವಿ ಇಟ್ಟು ಅಕಿನ್ನ ದೂರ ಮಾಡ್ತೀಯೇನ್?”

“ಹಂಗಾರ ಮೂಲಿಗೆ ಜರಾ ಅರ ಹಾಕಿಸಿ ಕೊಡ್ರಿ, ಅತ್ತಿ. ಪತ್ತಾರ ಮಾನಪ್ಪ ಒಂದ್ ಉಜ್ಜು ಉಜ್ಜಿದರ ಸಾಕು.”

“ಪೂಜಿ ಆದ ಟಾಕಿಗೆ ಅರ? ಸತ್ತಾಕಿ ಮೈ ಅದು! ಸತ್ತಾಕಿ ಮೈ ತಿಕ್ಕಸ್ತೀ?”

ಹೀರಾಬಾಯಿ ಸುಭದ್ರಾಬಾಯಿಗೆ ಬರೀ ಸೊಸೆ ಅಲ್ಲ, ಸ್ವಂತ ತಮ್ಮನ ಮಗಳು. ಅವಳೇ ಎತ್ತಿ ಆಡಿಸಿದ್ದು, ಅವಳೇ ಮಣ್ಣು ಕೊಟ್ಟದ್ದು. ಹಿಂದಿನ ವರ್ಷ ಗಾಯಕ್ಕೆ ಕೀವು ತುಂಬಿದಾಗ ಗುರಮ್ಮ ಯಾರಿಗೂ ಹೇಳದೆ ಟಾಕು ಬಿಚ್ಚಿ ದೇವರ ಮಾಡದಲ್ಲಿ ಇಟ್ಟಿದ್ದಳು. ಅದೇ ತಿಂಗಳು ಹೊಟ್ಟೆಯಲ್ಲಿದ್ದದ್ದು ಹೋಯಿತು. ಅಂದಿನಿಂದ ಸುಭದ್ರಾಬಾಯಿ ಆ ವಿಷಯದಲ್ಲಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಗುರಮ್ಮನಿಗೂ ಒಳಗೊಳಗೆ ಅಂಜಿಕೆ ಹೊಕ್ಕಿತ್ತು. ಈಗ ಮತ್ತೆ ನಾಲ್ಕು ತಿಂಗಳು ತುಂಬಿತ್ತು.

ಎಳ್ಳಮಾವಾಸ್ಯೆ ಮುಗಿದ ಮೇಲೆ ರಜಾಕಾರರ ಸುದ್ದಿ ದಿನಕ್ಕೊಂದು ಊರಿನಿಂದ ಬರತೊಡಗಿತು. ಇಂದು ಆ ಊರಲ್ಲಿ ಬಣವೆ ಸುಟ್ಟರು, ನಾಳೆ ಈ ಊರಲ್ಲಿ ಮನೆ ಹೊಕ್ಕರು. ಗಡಿ ಹತ್ತಿರವಿದ್ದವರೆಲ್ಲ ಹೆಂಗಸರು ಮಕ್ಕಳನ್ನು ಸೊಲ್ಲಾಪುರದ ಕಡೆ ಸಾಗಿಸತೊಡಗಿದರು. ಅಲ್ಲಿ ನಿಜಾಮನ ಆಳಿಕೆ ಇಲ್ಲ.

“ನನ್ನ ತವರಿಗೆ ಕಳಸ್ರಿ,” ಎಂದಳು ಗುರಮ್ಮ. “ಮಣ್ಣೂರಾಗ ನಮ್ಮವ್ವ ಅದಾಳ, ಬಾಣಂತನ ಮಾಡ್ತಾಳ.”

“ಮಣ್ಣೂರೂ ನಿಜಾಮನ ಸೀಮಿಯೊಳಗೇ ಅದ. ಸೊಲ್ಲಾಪುರಕ್ಕ ಹೋಗ್ರಿ ಮೂವರೂ. ಹೊಲ ಮನಿ ಬಿಟ್ಟು ನಾ ಬರಂಗಿಲ್ಲ,” ಎಂದ ಬಸವಂತರಾಯ.

ಸುಭದ್ರಾಬಾಯಿ ತನ್ನ ಬೆಳ್ಳಿ ಡಾಬು, ತೋಳಿನ ವಂಕಿ, ಕಾಲ್ಕಡಗ ಎಲ್ಲ ಗಡಿಗೆಗೆ ಹಾಕಿ ದನ ಮೇಯುವ ಗೋದಲಿಯ ಕೆಳಗೆ ಹುಗಿಸಿದಳು. ಗುರಮ್ಮ ಕೊರಳಿನ ದಾರಕ್ಕೆ ಕೈ ಹಾಕಿದಳು.

“ಇದನ್ನೂ ಹುಗೀರಿ ಅತ್ತಿ. ಹಾದ್ಯಾಗ ಯಾರರೆ ಕಸಗೊಂಡರ?”

“ಒಮ್ಮಿ ಹುಗದೇನಿ ಅಕಿನ್ನ,” ಎಂದಳು ಸುಭದ್ರಾಬಾಯಿ. “ಮತ್ತ ಹುಗಿಯಂಗಿಲ್ಲ.”

ಓಣಿಯ ತುದಿಯ ಮಲಂಗಸಾಬ ತನ್ನ ಬಂಡಿ ಕಟ್ಟಿ ಬೆಳಗಿನ ಜಾವ ಅವರನ್ನು ಗಡಿ ದಾಟಿಸಿದ. ಬಂಡಿಯ ಮೇಲೆ ಜೋಳದ ದಂಟಿನ ಕಣಕಿ ಹೇರಿ, ನಡುವೆ ಮೂವರನ್ನೂ ಕೂಡಿಸಿದ್ದ. ದಾರಿಯಲ್ಲಿ ಯಾರೋ ತಡೆದಾಗ ಉರ್ದುವಿನಲ್ಲಿ ಏನೋ ಗದರಿ ಎತ್ತು ಹೊಡೆದ. ಇಳಿಸುವಾಗ, “ತಂಗೀ, ಹೊಟ್ಟಿ ಸಂಭಾಳಿಸು,” ಎಂದಷ್ಟೇ ಗುರಮ್ಮನಿಗೆ ಹೇಳಿದ. ಸುಭದ್ರಾಬಾಯಿ ಕಟ್ಟಿ ತಂದ ರೊಟ್ಟಿಯಲ್ಲಿ ಅರ್ಧ ಅವನ ಮಡಿಲಿಗೆ ಹಾಕಿದಳು.

ಸೊಲ್ಲಾಪುರದಲ್ಲಿ ಸಿಕ್ಕದ್ದು ಗಿರಣಿಯ ಪಕ್ಕದ ಚಾಳಿನಲ್ಲಿ ಒಂದು ಖೋಲಿ. ನೀರಿಗೆ ಸಾಲು, ರೇಷನ್ನಿಗೆ ಸಾಲು. ಕೊಟ್ಟ ಕೆಂಪು ಜೋಳದ ಹಿಟ್ಟು ತಟ್ಟಿದರೆ ಬಿರಿಯುತ್ತಿತ್ತು. ಅತ್ತೆ ಸೊಸೆ ಒಂದೇ ಒಲೆಯ ಮುಂದೆ ಮೊಣಕೈ ತಾಗಿಸಿಕೊಂಡು ಕೂರಬೇಕಾಯಿತು.

“ಹಿಂಗ್ಯಾಕ ಹರದಾವ ರೊಟ್ಟಿ?”

“ಹಿಟ್ಟು ನಾ ಬೆಳದೇನೇನ್ರಿ?”

ಆ ಹರಿದ ರೊಟ್ಟಿಯಲ್ಲೂ ಮೊದಲ ಚೂರು ಟಾಕಿಗೇ.

ಚಾಳಿನ ತುಂಬ ಆಳಂದ, ಅಫಜಲಪುರ ಕಡೆಯಿಂದ ಓಡಿ ಬಂದವರೇ. ಬೆಳ್ಳಿ ಬಂಗಾರ ಮಾರಿ ಉಣ್ಣುತ್ತಿದ್ದರು. ಮಾರಿದ್ದೆಲ್ಲ ಸರಾಫರ ಮೂಸೆಯಲ್ಲಿ ಕರಗಿ ಗಟ್ಟಿಯಾಗುತ್ತಿತ್ತು. ಅದನ್ನು ನೋಡಲಾರದೆ ಪಾಂಡುರಂಗರಾವ ಎಂಬ ಕನ್ನಡಕದ ಮನುಷ್ಯ ಖೋಲಿಯಿಂದ ಖೋಲಿಗೆ ತಿರುಗುತ್ತಿದ್ದ. ಅವನು ಒಂದು ವಸ್ತುಸಂಗ್ರಹಾಲಯದ ನೌಕರ, ಹಳ್ಳಿಯ ಹೆಂಗಸರು ತೊಡುವ ಒಡವೆಗಳನ್ನು ಕೂಡಿಸುವುದು ಅವನ ಕೆಲಸ. ಮಾಘದ ಒಂದು ಮಧ್ಯಾಹ್ನ ಅವನು ಇವರ ಬಾಗಿಲಿಗೆ ಬಂದಾಗ ಸುಭದ್ರಾಬಾಯಿ ಮೊಮ್ಮಗಳನ್ನು ಕರೆದುಕೊಂಡು ರೇಷನ್ನಿಗೆ ಹೋಗಿದ್ದಳು.

“ಹಳೇ ಸಾಮಾನ ಏನರೆ ಅದಾವೇನ್ರಿ, ಅಕ್ಕಾ?”

“ಏನ್ ಮಾಡ್ತೀರಿ ಒಯ್ದು?”

“ಕಾಜಿನ ಪೆಟ್ಟಿಗ್ಯಾಗ ಇಡ್ತೇವ್ರಿ. ಇದು ಇಂಥಾ ಊರಿಂದು, ಇದಕ್ಕ ಹಿಂಗ ಅಂತಿದ್ದರು ಅಂತ ಬರದು ಇಡ್ತೇವಿ. ಮಂದಿ ಬಂದು ನೋಡ್ತಾರ.”

“ಕರಗಸಂಗಿಲ್ಲ?”

“ಛೇ. ಎಂದೂ ಇಲ್ಲ.”

ಗುರಮ್ಮನ ಬೆರಳು ಕೊರಳಿನ ದಾರಕ್ಕೆ ಹೋಯಿತು. “ಪೂಜಿ?”

“ಪೂಜಿ ಇಲ್ಲವ್ವ. ಧೂಳ ಮಾತ್ರ ದಿನಾ ಒರಸ್ತೇವಿ.”

“ಮತ್ತ ಯಾರರೆ ಕೊಳ್ಳಾಗ ಹಾಕ್ಕೋತಾರೇನ್ರಿ?”

“ಯಾರೂ ಹಾಕ್ಕೊಳ್ಳಂಗಿಲ್ಲ.”

ಗುರಮ್ಮ ದಾರ ಬಿಚ್ಚಿ ಟಾಕನ್ನು ಅವನ ಅಂಗೈಗೆ ಹಾಕಿದಳು. ಅವನು ಬೆಲೆ ಮಾತಾಡಲು ಹೋದರೆ ಕೈ ಅಡ್ಡ ಮಾಡಿದಳು. ಸವತಿಯನ್ನು ಮಾರಿದಳು ಅನ್ನಿಸಿಕೊಳ್ಳಲು ಅವಳಿಗೆ ಮನಸ್ಸಿರಲಿಲ್ಲ. ಅವಳ ಲೆಕ್ಕ ಬೇರೆಯೇ ಇತ್ತು. ಕೊರಳಲ್ಲಿ ಆ ಮುಖ ಇಲ್ಲದಿದ್ದರೆ ಹುಡುಗಿ ಎಲ್ಲಿ ನೋಡಬೇಕು? ಒಂದಿಷ್ಟು ಮೇಲೆ ನೋಡಬೇಕು. ಅಲ್ಲಿ ತಾನಿದ್ದೇನಲ್ಲ!

ಪಾಪ, ಲೆಕ್ಕ ತಪ್ಪಿತು. ರಾತ್ರಿ ಗುರಮ್ಮ ಸೆರಗು ಹೊದ್ದು, ಮೊದಲ ಚೂರನ್ನು ಟಾಕಿಗೆ ಮುಟ್ಟಿಸಿದ ಹಾಗೆ ಮಾಡಿದ್ದಳು. ಮಾರನೆಯ ಬೆಳಿಗ್ಗೆ ಜಗದೇವಿ ಜಳಕ ಮಾಡಿ ಬಂದು ಎದುರು ಕೂತಳು. “ಅವ್ವಾ” ಎಂದವಳು ಅಲ್ಲಿಗೇ ನಿಂತಳು. ಬರಿಯ ಕೊರಳು. ಗುರಮ್ಮ ಕಾದಳು, ಈಗ ನೋಡುತ್ತಾಳೆ, ಈಗ ನೋಡುತ್ತಾಳೆ ಎಂದು. ಹುಡುಗಿ ಎದ್ದು ಹೋಗಿ ಗೋಡೆಗೆ ಮುಖ ಮಾಡಿ ಮಲಗಿದಳು. ಒದ್ದೆ ಕೂದಲಿನಿಂದ ಚಾಪೆ ತೊಯ್ದಿತು. ಅಳಲಿಲ್ಲ, ಬೈಯಲಿಲ್ಲ.

ಬೈಯುವ ಕೆಲಸ ಸುಭದ್ರಾಬಾಯಿ ಮಾಡಿದಳು. ಅಕ್ಕಪಕ್ಕದ ಖೋಲಿಯವರೆಲ್ಲ ಬಾಗಿಲಿಗೆ ಬಂದರು.

“ಯಾರಿಗೆ ಕೊಟ್ಟೀ? ಹೇಳು, ಯಾರಿಗೆ ಕೊಟ್ಟೀ ನನ್ನ ಹೀರಾನ್ನ?”

“ಕಾಜಿನ ಪೆಟ್ಟಿಗ್ಯಾಗ ಛಲೋ ಇರ್ತಾಳ್ರಿ. ದಿನಾ ಒರಸ್ತಾರಂತ.”

“ಹೋದವರ್ಷ ಏನಾತು ಮರತೀ? ಆ ಹೊಟ್ಟಿ ಮ್ಯಾಲ ಕೈ ಇಟ್ಟು ಹೇಳು, ಮರತೀ?”

ಗುರಮ್ಮನ ಕೈ ತಾನಾಗಿ ಹೊಟ್ಟೆಗೆ ಹೋಯಿತು. “ಮರತಿಲ್ಲ. ಆದರ ನನಗ ಚುಚ್ಚತದ್ರಿ ಅತ್ತಿ! ಎಲ್ಲಾರಿಗೂ ಅಕಿ ಕಾಣ್ತಾಳ. ನಾ ಯಾರಿಗೂ ಕಾಣಂಗಿಲ್ಲ!”

ಅವಳು ಅತ್ತೆಯ ಮುಂದೆ ಹೀಗೆ ಕೂಗಿದ್ದು ಅದೇ ಮೊದಲು. ಸುಭದ್ರಾಬಾಯಿ ರೊಟ್ಟಿಯ ಬುಟ್ಟಿಯನ್ನು ತನ್ನ ಕಡೆಗೆ ಎಳೆದುಕೊಂಡಳು. ಆಮೇಲೆ, “ತಂದು ಕಟಗೊಂಡ್ರ ಈ ಮನ್ಯಾಗ ರೊಟ್ಟಿ. ಇಲ್ಲಂದ್ರ ಇಲ್ಲ,” ಎಂದಳು.

ಅತ್ತೆಯ ಮಾತಿಗಿಂತ ಗುರಮ್ಮನಿಗೆ ಕಷ್ಟವಾದದ್ದು ಹುಡುಗಿ ಊಟ ಬಿಟ್ಟದ್ದು. ತಟ್ಟೆ ಮುಂದಿಟ್ಟರೆ ಬೆರಳಾಡಿಸಿ ಎದ್ದುಬಿಡುತ್ತಿದ್ದಳು. ಮೊದಲ ಚೂರು ಕೊಡಲು ಅವ್ವ ಇಲ್ಲದಿದ್ದ ಮೇಲೆ ಉಣ್ಣುವುದು ಹೇಗೆ ಎಂದು ಅವಳಿಗೆ ತಿಳಿಯಲಿಲ್ಲವೇನೋ. ಹೀಗೇ ಎರಡು ಮೂರು ದಿನ ನೋಡಿ ಗುರಮ್ಮ ಸೆರಗು ಕಟ್ಟಿದಳು.

“ನಡಿ. ನಿಮ್ಮವ್ವನ್ನ ತರೂಣು.”

ಹುಡುಗಿ ಸುಮ್ಮನೆ ಹಿಂದೆ ನಡೆದಳು.

ಪಾಂಡುರಂಗರಾವನ ಮನೆ ಎರಡು ಓಣಿ ಆಚೆ. ಪೆಟ್ಟಿಗೆ ತುಂಬುವ ತನಕ ಒಡವೆಯೆಲ್ಲ ಅವನ ಮನೆಯಲ್ಲೇ ಇತ್ತು. ಗುರಮ್ಮ ತಲೆ ತಗ್ಗಿಸಿ ವಿಷಯ ಹೇಳಿದಳು. ಅವನು ಬೇಸರ ಮಾಡಿಕೊಳ್ಳಲಿಲ್ಲ.

“ಕೊಟ್ಟ ಕೈ ತಿರುಗಿ ಕೇಳಿದರ ಇಲ್ಲ ಅನ್ನಂಗಿಲ್ಲವ್ವ. ಆದರ ಇನ್ನೂ ಹೆಸರಿನ ಚೀಟಿ ಅಂಟಿಸಿಲ್ಲ, ನಿಂದು ಯಾವುದು ನೀನ ಹುಡುಕಬೇಕು.”

ಅವನು ಒಂದು ಮರದ ತಟ್ಟೆ ತಂದು ಮುಂದಿಟ್ಟ. ತಟ್ಟೆಯ ತುಂಬ ಸವತಿ ಟಾಕು. ಎಲ್ಲದರ ಮೇಲೂ ದುಂಡು ಮುಖ, ದೊಡ್ಡ ಕಣ್ಣು, ಮೂಗಿನಲ್ಲಿ ನತ್ತು. ಬೇರೆ ಬೇರೆ ಮನೆಯಿಂದ ಬಂದವು, ಬೇರೆ ಬೇರೆ ಸತ್ತವರು, ಒಂದೇ ಮುಖ.

“ಎಲ್ಲಾ ನಿಮ್ಮ ಕಡೀವೇ ಅದಾವ,” ಎಂದ ಅವನು. “ಪತ್ತಾರರ ಹತ್ರ ಒಂದೇ ಅಚ್ಚು ಇರ್ತದ್ರಿ. ತಗಡು ಇಟ್ಟು ಬಡಿದರ ಆತು.”

ಜಗದೇವಿ ಒಂದನ್ನು ಎತ್ತಿದಳು, ಇಟ್ಟಳು, ಇನ್ನೊಂದನ್ನು ಎತ್ತಿದಳು.

“ಇವೆಲ್ಲಾ ಯಾರ ಅವ್ವಗೋಳು?”

ಪಾಂಡುರಂಗರಾವ ಕನ್ನಡಕ ತೆಗೆದು ಒರೆಸತೊಡಗಿದ. ಗುರಮ್ಮ ತಟ್ಟೆಯನ್ನೇ ನೋಡುತ್ತಿದ್ದಳು. “ನಾ ಸತ್ತರೂ ನನಗ ಇದೇ ಮುಖ ಏನ್ರಿ?” ಎಂದಳು.

ಮನೆ ಹುಡುಗಿಗೇ ಗುರುತು ಸಿಗದ ಮುಖವನ್ನು ಗುರಮ್ಮ ಹೇಗೆ ಗುರುತಿಸಬೇಕು? ಅವಳು ಅದನ್ನು ಹೊತ್ತವಳು, ನೋಡಿದವಳಲ್ಲ. ಆಮೇಲೆ ಅವಳಿಗೆ ಹೊಳೆಯಿತು. ನೆಲಕ್ಕೆ ಕೂತು, ಸೆರಗು ಸರಿಸಿ, ಮೊದಲ ಟಾಕನ್ನು ಕೊರಳ ಕುಳಿಯ ಕೆಳಗೆ ಇಟ್ಟು ಮುಂದಕ್ಕೆ ಬಗ್ಗಿದಳು, ರೊಟ್ಟಿ ಬಡಿಯುವವಳ ಹಾಗೆ.

“ಇದಲ್ಲ.”

ಇನ್ನೊಂದು ಇಟ್ಟಳು, ಬಗ್ಗಿದಳು. “ಇದೂ ಅಲ್ಲ.”

“ಯವ್ವಾ, ಮಂದೀವು ಮೈಗೆ ಹಚ್ಚಬ್ಯಾಡ,” ಎಂದು ಪಾಂಡುರಂಗರಾವನ ಹೆಂಡತಿ ಒಳಗಿನಿಂದಲೇ ಗಾಬರಿಯಲ್ಲಿ ಕೂಗಿದಳು. “ಬಸುರಿ ಅದೀ!”

ಗುರಮ್ಮನಿಗೂ ಅಂಜಿಕೆ ಇತ್ತು. ಆದರೂ ಒಂದಾದ ಮೇಲೊಂದು ಗುರುತಿಲ್ಲದ ಸತ್ತವರನ್ನೆಲ್ಲ ಕೊರಳಿಗೆ ಒತ್ತಿಕೊಳ್ಳುತ್ತ ಹೋದಳು. ತಟ್ಟೆ ಅರ್ಧ ಮುಗಿದಿತ್ತು. ಒಂದನ್ನು ಇಟ್ಟು ಬಗ್ಗಿದವಳೇ “ಹಾ” ಎಂದಳು. ಹಳೆಯ ಗಾಯದ ಮೇಲೆ ಹೊಸದಾಗಿ ಒಂದು ಹನಿ ರಕ್ತ ಮೂಡಿತು.

“ಇದೇ. ಇದೇ ನಿಮ್ಮವ್ವ,” ಎಂದು ನಕ್ಕಳು. ಕಣ್ಣಲ್ಲಿ ನೀರೂ ಇತ್ತು.

ಜಗದೇವಿ ಟಾಕು ನೋಡಲಿಲ್ಲ. ಟಾಕು ಇದ್ದ ಜಾಗವನ್ನು ನೋಡಿದಳು. ಅಲ್ಲಿ ಬೆರಳ ತುದಿಯಷ್ಟು ಚರ್ಮ ಕಪ್ಪಾಗಿ, ದಪ್ಪಗಟ್ಟಿ, ನಡುವೆ ಬಿರಿದಿತ್ತು. ಎರಡು ವರ್ಷ ದಿನಾ ಬೆಳಿಗ್ಗೆ ಅದರ ಎದುರೇ ಕೂತಿದ್ದಳು, ಒಂದು ದಿನವೂ ಕಂಡಿರಲಿಲ್ಲ.

ರಾತ್ರಿ ಊಟಕ್ಕೆ ಕೂತಾಗ, ಮೊದಲ ಚೂರು ಟಾಕಿಗೆ ಮುಟ್ಟಿಸಿ ಆದ ಮೇಲೆ, ಹುಡುಗಿ ಕೇಳಿದಳು:

“ಆಯಿ, ನಮ್ಮವ್ವನ ಮುಖ ಹ್ಯಾಂಗಿತ್ತು?”

“ಕಾಣಂಗಿಲ್ಲೇನ್, ಟಾಕಿನ್ಯಾಗ ಅದ.”

“ಅದು ಎಲ್ಲಾರ್ದೂ ಮುಖ. ಅಲ್ಲಿ ತಟ್ಟಿ ತುಂಬ ಅದೇ ಇತ್ತು. ನಮ್ಮವ್ವಂದು ಹೇಳು.”

ಸುಭದ್ರಾಬಾಯಿಗೆ ಸಿಟ್ಟು ಬಂತು. ಕೈ ಎತ್ತಿದವಳು ಹಾಗೇ ಇಳಿಸಿದಳು. ತಟ್ಟೆಯ ಕಡೆ ನೋಡುತ್ತ ಹೇಳಿದಳು: “ಮಾರಿ ತುಂಬ ಸಿಡುಬಿನ ಕಲಿ ಇದ್ದವು. ಮುಂದಿನ ಹಲ್ಲು ಸೊಟ್ಟ. ನಕ್ಕರ ಓಣಿಗೆಲ್ಲಾ ಕೇಳ್ತಿತ್ತು. ನತ್ತು ಒಂದಿನಾನೂ ಹಾಕಲಿಲ್ಲ, ಮೂಗು ಕೆರೀತದ ಅಂತಿದ್ದಳು.” ಆಮೇಲೆ ಆ ಮುದುಕಿ ಅತ್ತಳು. ಗುರಮ್ಮ ನೀರಿನ ಚೆಂಬು ಮುಂದೆ ಸರಿಸಿದಳು.

ಜ್ಯೇಷ್ಠದಲ್ಲಿ ಗುರಮ್ಮ ಹಡೆದಳು. ಹೆಣ್ಣು. ಟಾಕು ಕೊರಳಲ್ಲೇ ಇತ್ತು, ಹಾಗಾಗಿ ಕೂಸು ಬದುಕಿದ್ದು ಹೀರಾಬಾಯಿಯ ಕೃಪೆ ಎಂದಾಯಿತು. ಗಂಡಾಗದಿದ್ದದ್ದು ಮಾತ್ರ ಗುರಮ್ಮನ ತಪ್ಪು. ಸುಭದ್ರಾಬಾಯಿ ಮುಖ ಊದಿಸಿಕೊಂಡೇ ಬಾಣಂತಿಗೆ ಎಣ್ಣೆ ತಿಕ್ಕಿದಳು, ಖಾರ ಕಲಸಿ ಕೊಟ್ಟಳು. ಜಗದೇವಿ ಈಗ ಕೊರಳಿನ ಸಂಗಡ ಮಾತಾಡುತ್ತಿರಲಿಲ್ಲ. ಗುರಮ್ಮನ ಸಂಗಡವೂ ಇಲ್ಲ. ಕೂಸಿನ ಬಟ್ಟೆ ಒಗೆಯುವಳು, ತೊಟ್ಟಿಲು ತೂಗುವಳು, ಕೇಳಿದ್ದಕ್ಕೆ ಹೂಂ ಎನ್ನುವಳು.

ಭಾದ್ರಪದದಲ್ಲಿ ಹಿಂದುಸ್ತಾನದ ಫೌಜು ಬಂದು ನಿಜಾಮನ ಆಟ ಮುಗಿಯಿತು. ದಸರೆ ಹೊತ್ತಿಗೆ ಬಸವಂತರಾಯ ಬಂದು ಮನೆಯವರನ್ನು ಕರೆದೊಯ್ದ. ಬಂಡಿ ಬೇರೆ ಯಾರದೋ.

“ಮಲಂಗಸಾಬ ಎಲ್ಲಿ?” ಎಂದು ಸುಭದ್ರಾಬಾಯಿ ಕೇಳಿದಳು.

“ಹೋದ.”

“ಎಲ್ಲಿಗಿ?”

“ಹೋದ ಅಂದೆನಲ್ಲಾ!”

ಓಣಿಯ ತುದಿಯಲ್ಲಿ ಅವನ ಮನೆಯ ಮಾಳಿಗೆ ಕುಸಿದಿತ್ತು. ಬಾಗಿಲ ಚೌಕಟ್ಟು ಸುಟ್ಟು ಕರಿಯಾಗಿತ್ತು. ರಜಾಕಾರರು ಹೋದ ಮೇಲೆ ಯಾರು ಸುಟ್ಟರು ಎಂದು ಊರಲ್ಲಿ ಯಾರೂ ಬಾಯಿ ಬಿಡಲಿಲ್ಲ. ಆ ದಿನ ಬಸವಂತರಾಯ ಊಟದಲ್ಲಿ ಎರಡು ಸಲ ಹಿಂಡಿ ಕೇಳಿದ. ಸುಭದ್ರಾಬಾಯಿ ಮೊದಲ ಸಲ ಕೊಟ್ಟಳು, ಎರಡನೆಯ ಸಲ ಡಬ್ಬಿ ಮುಚ್ಚಿ ಎದ್ದುಹೋದಳು.

ಗೋದಲಿಯ ಕೆಳಗಿನ ಗಡಿಗೆ ಮಾತ್ರ ಇಟ್ಟ ಹಾಗೇ ಇತ್ತು. ಅದನ್ನು ತೆಗೆದ ದಿನವೇ ಜಗದೇವಿ ಅಜ್ಜಿಗೆ ಹೇಳಿದಳು:

“ಆಯಿ, ಟಾಕಿನ ದಾರ ಸವದದ. ಪತ್ತಾರನ ಕಡೆ ಹೊಸಾದು ಪೋಣಿಸಿ ತರ್ತೇನಿ.”

“ಜಲ್ದಿ ಬಾ. ಇಕಿ ಕೊಳ್ಳು ಬರಿದಿರಬಾರದು.”

ಮಾನಪ್ಪ ಊರ ಅಗಸಿಬಾಗಿಲ ಹತ್ತಿರದ ತನ್ನ ಅಂಗಡಿಯಲ್ಲಿ ಕುಲುಮೆ ಊದುತ್ತಿದ್ದ. ಹುಡುಗಿ ಟಾಕು ಮುಂದಿಟ್ಟು, ಮೂಲೆ ತೋರಿಸಿ, ಅರ ಹಾಕು ಎಂದಳು. ಅವನು ಕೈ ಹಿಂದೆ ಎಳೆದುಕೊಂಡ.

“ಪೂಜಿ ಆಗಿದ್ದಕ್ಕ ನಾ ಅರ ಹಾಕಂಗಿಲ್ಲವ್ವ. ನನಗೂ ಹೆಂಡರು ಮಕ್ಕಳು ಅದಾರ.”

“ಹಂಗಾರ ನನಗ ಕೊಡು.”

ಮಾನಪ್ಪ ಹುಡುಗಿಯನ್ನೊಮ್ಮೆ, ಟಾಕನ್ನೊಮ್ಮೆ ನೋಡಿದ. ಸಣ್ಣ ಅರವೊಂದನ್ನು ಕಾಲಿನಿಂದ ಅವಳ ಕಡೆ ತಳ್ಳಿ, ಕುಲುಮೆಯ ಕಡೆ ತಿರುಗಿ ಕೂತ. “ನಾ ಏನೂ ನೋಡಿಲ್ಲ,” ಎಂದು ಜೋರಾಗಿ ಊದತೊಡಗಿದ. ಹುಡುಗಿ ಮೂಲೆಯನ್ನು ಉಜ್ಜಿದಳು. ಬೆರಳಿಟ್ಟು ನೋಡಿದಳು, ಮತ್ತೆ ಉಜ್ಜಿದಳು. ಕೊನೆಗೆ ತನ್ನ ಕೊರಳಿಗೇ ಒತ್ತಿಕೊಂಡು ಬಗ್ಗಿ ನೋಡಿದಳು.

ಮನೆಗೆ ಬಂದಾಗ ಗುರಮ್ಮ ರೊಟ್ಟಿ ಬಡಿಯುತ್ತಿದ್ದಳು, ಸುಭದ್ರಾಬಾಯಿ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಬಾಗಿಲಲ್ಲಿ ಕೂತಿದ್ದಳು. ಮುದುಕಿಯ ಕಣ್ಣು ಮೊದಲು ಹೋದದ್ದು ಮೂಲೆಗೇ. ಅಲ್ಲಿ ಬೆಳ್ಳಿ ಹೊಸದಾಗಿ ಹೊಳೆಯುತ್ತಿತ್ತು.

“ಅರ ಹಾಕ್ಯಾನ! ಆ ಮಾನಪ್ಪ ಅರ ಹಾಕ್ಯಾನ!”

“ಅಂವ ಅಲ್ಲ. ನಾ ಹಾಕೇನಿ.”

“ಹೆತ್ತಾಕಿ ಮೈಗೆ ಅರ ಹಾಕಿದೇನ್ ಬೇ? ನಿಮ್ಮವ್ವ ಅದು!”

ಗುರಮ್ಮನ ಕೈಯ ರೊಟ್ಟಿ ಹೆಂಚಿಗೆ ಹೋಗದೆ ಅಲ್ಲೇ ನಿಂತಿತು. ಜಗದೇವಿ ಅಜ್ಜಿಯನ್ನು ದಾಟಿ ಒಳಗೆ ಬಂದಳು. ಒಲೆಯ ಮುಂದೆ, ದಿನಾ ಕೂರುತ್ತಿದ್ದ ಜಾಗದಲ್ಲೇ ಕೂತಳು.

“ಅವ್ವಗ ನೋಯಂಗಿಲ್ಲ, ಆಯಿ,” ಎಂದಳು. “ಚಿಗವ್ವಗ ನೋಯ್ತದ.”

ಸುಭದ್ರಾಬಾಯಿ ಬಾಯಿ ತೆರೆದಳು. ತೊಡೆಯ ಮೇಲಿನ ಕೂಸು ಅಳತೊಡಗಿತು, ಅವಳು ಅದನ್ನು ತಟ್ಟತೊಡಗಿದಳು. ಗುರಮ್ಮ ಹಿಟ್ಟಿನ ಕೈಗಳನ್ನು ಹಾಗೇ ಎತ್ತಿ ಹಿಡಿದು ಕೊರಳು ಬಗ್ಗಿಸಿದಳು. ಹುಡುಗಿ ಹಿಂದೆ ಹೋಗಿ ಹೊಸ ದಾರ ಕಟ್ಟಿದಳು.